ಆರು ಕಾಲಿನ ಹುಳ

ನಮ್ಮ ಮನೆಯಲ್ಲಿ ಹಾವು ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಹುಳ ಎನ್ನುತ್ತಿದ್ದರು. ಹೆಸರು ಹಿಡಿದು ಕರೆದರೆ ಅದಕ್ಕೆ ಕೇಳಿಸುತ್ತದೆ, ಕರೆದವರ ಮನೆ ಹುಡುಕಿಕೊಂಡು ಬರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅದು ಕಚ್ಚಿದರೂ ಕಚ್ಚಿತು ಎನ್ನುವ ಹಾಗಿರಲಿಲ್ಲ, ಮುಟ್ಟಿತು ಎನ್ನಬೇಕು. ಇರುವೆ ಕಡಿಯುತ್ತದೆ, ಚೇಳು ಕಡಿಯುತ್ತದೆ, ತಿಗಣೆ ಕಡಿಯುತ್ತದೆ. ಮುಟ್ಟುವುದು ಅದೊಂದೇ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ನಾನು ಮಾಡಿದ ತಪ್ಪೆಲ್ಲ ಈ ಒಂದು ಮಾತಿನಲ್ಲಿದೆ.

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಓಣಿ. ಮನೆಯೆಂದರೆ ಒಂದು ಪಡಸಾಲೆ, ಅದರ ಮುಕ್ಕಾಲು ಪಾಲು ಮಗ್ಗ. ಅದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯಬೇಕು. ಮೇಲೆ ಸೀರೆ ಬೆಳೆಯುತ್ತ ಹೋಗುತ್ತದೆ. ಕೆಳಗೆ ತನ್ನ ಕಾಲು ಎಲ್ಲಿವೆ ಎಂಬುದು ನೇಯುವವನಿಗೇ ಕಾಣುವುದಿಲ್ಲ. ಬೇಸಗೆಯಲ್ಲಿ ಹೊರಗಿನ ನೆಲ ಕಾಲಿಡಲಾಗದಷ್ಟು ಕಾದಾಗಲೂ ಕುಣಿಯ ಮಣ್ಣು ತಣ್ಣಗಿರುತ್ತಿತ್ತು. ತಂಪು ಬೇಕಾಗುವುದು ಮನುಷ್ಯರಿಗೆ ಮಾತ್ರ ಅಲ್ಲ. ಅದಕ್ಕೇ ಅಪ್ಪ ದಿನಾ ಮುಂಜಾನೆ ಕೂಡುವ ಮೊದಲು ಕೋಲಿನಿಂದ ಕುಣಿಯ ಗೋಡೆಗೆ ಮೂರು ಸಲ ತಟ್ಟಿ, "ಸರಿಯಪಾ, ದಾರಿ ಬಿಡು," ಎನ್ನುತ್ತಿದ್ದ. ಉತ್ತರಕ್ಕೆ ಕಾಯುವವನಂತೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಆಮೇಲೆ ಕಾಲು ಇಳಿಬಿಡುತ್ತಿದ್ದ. ಸಣ್ಣವಳಿದ್ದಾಗ ನಾನೂ ಉಸಿರು ಹಿಡಿದು ಆ ಉತ್ತರಕ್ಕೆ ಕಿವಿಗೊಡುತ್ತಿದ್ದೆ. ಯಾವತ್ತೂ ಏನೂ ಕೇಳಿಸಲಿಲ್ಲ.

ಎರಡನೇ ಇಯತ್ತೆ ಮುಗಿಯುವ ಮೊದಲೇ ನನ್ನನ್ನು ಸಾಲೆ ಬಿಡಿಸಿದರು, ಕಲಿತಿದ್ದ ನಾಲ್ಕು ಅಕ್ಷರವೂ ಮರೆತುಹೋದವು. ಕಂಡಿಕೆ ಸುತ್ತಲು ಕೈ ಬೇಕಿತ್ತು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ಕೂಡುವ ಸಣ್ಣ ಕೊಳವೆ. ರಾಟಿ ತಿರುವಿ ಅದಕ್ಕೆ ನೂಲು ಸುತ್ತಿ ಸುತ್ತಿ ಅಪ್ಪನ ಕಡೆಗೆ ಸರಿಸುವುದು ನನ್ನ ಕೆಲಸ. ನನಗಿಂತ ನಾಲ್ಕು ವರ್ಷ ಸಣ್ಣವಳಾದ ತಂಗಿ ಮುಂದೆ ಸಾಲೆಗೆ ಸೇರಿ ಅಲ್ಲೇ ಉಳಿದಳು. ಮನೆಯಲ್ಲಿ ಇದ್ದದ್ದು ಒಂದೇ ರಾಟಿ, ಅದಕ್ಕೆ ಒಬ್ಬಳು ಸಾಕಾಗಿತ್ತು. ಇದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಆದರೂ ಅವಳು ಸಂಜೆ ಪಾಟಿಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದುವಾಗ ನಾನು ರಾಟಿಯನ್ನು ಇನ್ನಷ್ಟು ಜೋರಾಗಿ ತಿರುವುತ್ತಿದ್ದೆ.

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಒಂದೆರಡು ವರ್ಷವಾಗಿತ್ತು. ನನಗೆ ಹದಿನೈದು, ಅವಳಿಗೆ ಹನ್ನೊಂದು. ರೋಣದ ಪೇಟೆಯ ಹಿಂದೆ ಒಂದು ಹಳೆಯ ಅರಳೆ ವಖಾರಿ, ಅಂದರೆ ಹತ್ತಿ ತುಂಬುವ ಗೋದಾಮು, ಇತ್ತು. ಅದರ ಎರಡು ಕೋಣೆಗಳಲ್ಲಿ ಕೆಲಸದಿಂದ ನಿವೃತ್ತರಾದ ಮಾಸ್ತರೊಬ್ಬರು ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕಿ, ಪೆಟ್ಟಿಗೆಗಳಲ್ಲಿ ಹುಳಗಳನ್ನು ಜೋಡಿಸಿ ಜನರಿಗೆ ತೋರಿಸುತ್ತಿದ್ದರಂತೆ. ಒಂದು ಮಳೆಗಾಲದಲ್ಲಿ ಮಾಡು ಕುಸಿದು ಎಲ್ಲ ಹಾಳಾಗಿ, ಎರಡು ವರ್ಷ ಬಾಗಿಲು ಮುಚ್ಚಿತ್ತು. ಈಗ ಹೊಸ ಹೆಂಚು ಹೊದಿಸಿ, ಸುಣ್ಣ ಬಳಿದು, ಒಡೆದ ಗಾಜು ಬದಲಿಸಿ ಮತ್ತೆ ತೆರೆದಿದ್ದರು. ತಂಗಿಯ ಸಾಲೆಯವರು ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು.

"ಯವ್ವಾ, ಮೀನದ ಮನಿ, ಹುಳದ ಮನಿ ನೋಡಾಕ ಹೊಂಟೇವಿ!" ಎಂದು ತಂಗಿ ಹೊಸ್ತಿಲಲ್ಲೇ ಕೂಗಿದಳು.

ಗಂಜಿ ಕಾಸುತ್ತಿದ್ದ ಅವ್ವ ಸೌಟು ಕೈಬಿಟ್ಟಳು. "ಹುಳದ ಮನಿ? ಏನ ಬಂತು ಇವರಿಗೆ? ಅದನ್ನ ಬಸ್ಸಿನ್ಯಾಗ ಹೋಗಿ ನೋಡಬೇಕ?"

"ಗಾಜಿನ್ಯಾಗ ಇಟ್ಟಿರತಾರಬೇ. ಸತ್ತಾವು."

"ಸತ್ತಿದ್ರೂ ಅದು ಅದಽ. ಅಕ್ಕನ್ನ ಜೋಡಿ ಕರಕೊಂಡ ಹೋಗು. ಅಕಿ ಕೈ ಬಿಡಬ್ಯಾಡ ಮತ್ತ."

ಹೀಗೆ ನಾನು ಹೊರಟೆ, ತಂಗಿಯ ಕೈ ಹಿಡಿಯಲೆಂದು.

ಹೊರಗಿನ ಬಿಸಿಲಿನಿಂದ ಮೊದಲ ಕೋಣೆಯೊಳಗೆ ಕಾಲಿಟ್ಟಾಗ ಕಣ್ಣು ಕತ್ತಲೆಗಟ್ಟಿತು. ಕಿಟಕಿಗಳಿಗೆ ಗೋಣಿತಾಟು ಹೊಡೆದಿದ್ದರು. ಗೋಡೆಯುದ್ದಕ್ಕೂ ಐದು ಗಾಜಿನ ತೊಟ್ಟಿ, ಒಂದೊಂದರ ಹಿಂದೆ ಒಂದು ಕಂದೀಲು. ನೀರಿನೊಳಗಿಂದ ಹಾದು ಬಂದ ಹಸಿರು ಬೆಳಕು ಗೋಡೆಯ ಮೇಲೆ, ಮಾಡಿನ ಮೇಲೆ, ಮಕ್ಕಳ ಮುಖದ ಮೇಲೆ ಅಲುಗುತ್ತಿತ್ತು. ಮೀನುಗಳು ನೀರಿನಲ್ಲಿವೆಯೋ ನಾವು ನೀರಿನಲ್ಲಿದ್ದೇವೋ ತಿಳಿಯದ ಹಾಗಿತ್ತು. ಬಸ್ಸಿನಲ್ಲಿ ಗದ್ದಲ ಮಾಡುತ್ತ ಬಂದ ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾಗಿದ್ದರು. ಹಸಿ ಸುಣ್ಣದ ವಾಸನೆ, ಅದರ ಕೆಳಗೆ ಪಾಚಿಯ ವಾಸನೆ.

ನಾಲ್ಕು ತೊಟ್ಟಿಗಳಲ್ಲಿ ಸಣ್ಣ ಮೀನುಗಳು, ಕೆಂಪು, ಬೆಳ್ಳಿ ಬಣ್ಣದವು, ಹೊಸದಾಗಿ ತರಿಸಿದವು. ಕೊನೆಯದರಲ್ಲಿ ಮೊಳದುದ್ದದ ಒಂದು ಕರಿ ಮೀನು ಒಂದೇ ಇತ್ತು. ಅದು ಈಜುತ್ತಿರಲಿಲ್ಲ. ತಳದಲ್ಲಿ ಕೂತಂತೆ ಇದ್ದು, ಆಗಾಗ ಮೇಲೆ ಬಂದು ಗಾಳಿ ನುಂಗಿ ಮತ್ತೆ ಇಳಿಯುತ್ತಿತ್ತು.

"ಇದು ಹಳೇದು," ಎಂದರು ಆ ಮುದುಕ ಮಾಸ್ತರು. ತೆಳ್ಳಗಿನ ಆಳು, ಕರಿ ಟೊಪ್ಪಿಗೆ, ಬಹಳ ಮೆಲ್ಲಗಿನ ದನಿ. "ಮಾಡು ಬಿದ್ದಾಗ ಈ ತೊಟ್ಟಿ ಒಂದು ಒಡೀಲಿಲ್ಲ. ಎರಡು ವರ್ಷ ಮ್ಯಾಲೆ ಕಸ ಬಿದ್ದಿತ್ತು. ಯಾರೂ ಒಂದು ಕಾಳು ಹಾಕಿದ್ದಿಲ್ಲ. ಕಸ ತಗದು ನೋಡ್ತೀವಿ, ಇದು ಜೀವಂತ ಐತಿ."

"ಏನ ತಿಂದು ಬದುಕೇತ್ರಿ, ಗುರುಗಳ?" ಎಂದು ಯಾರೋ ಕೇಳಿದರು.

"ಇದರ ಜೋಡಿ ಹುಟ್ಟಿದ್ವು ಏಳೆಂಟು ಇದ್ವು," ಎಂದು ಅವರು ಹೇಳಿ ನಿಲ್ಲಿಸಿದರು.

ಮಕ್ಕಳು ಹಿಂದೆ ಸರಿದರು. ನನ್ನ ತಂಗಿ ಮಾತ್ರ ಮುಂದೆ ಹೋಗಿ ಗಾಜಿಗೆ ಕಿವಿ ಹಚ್ಚಿದಳು. ಮೀನು ಮೆಲ್ಲಗೆ ತಿರುಗಿ ಅವಳ ಕಿವಿಯ ಹತ್ತಿರ ಬಂತು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು.

"ಅಕ್ಕಾ, ಏನೋ ಹೇಳಾಕತ್ತೈತಿ ನೋಡ. ಕೇಳಸವಲ್ದು."

ನಾನು ಅವಳ ಕೈ ಹಿಡಿದು ಎಳೆದೆ. ಕೈ ತಣ್ಣಗಿತ್ತು, ಗಾಜಿನ ತಂಪು ಹತ್ತಿತ್ತು.

ಎರಡನೇ ಕೋಣೆಯ ಬಾಗಿಲ ಮೇಲೆ ದೊಡ್ಡ ನೀಲಿ ಅಕ್ಷರಗಳಲ್ಲಿ ಏನೋ ಬರೆದಿತ್ತು. ತಂಗಿ ಓದಿದಳು: "ಹುಳಗಳು." ನನ್ನ ಕಾಲು ಅಲ್ಲೇ ನಿಂತವು. ಎಲ್ಲರೂ ನನ್ನನ್ನು ದಾಟಿ ಒಳಗೆ ಹೋದ ಮೇಲೆ, ಹೊರಗೆ ಒಬ್ಬಳೇ ಆ ಕರಿ ಮೀನಿನ ಜೊತೆ ನಿಲ್ಲಲಾರದೆ ನಾನೂ ಹೋದೆ.

ಅಲ್ಲಿ ಬೆಳಕಿತ್ತು. ನುಸಿ ಹತ್ತದಂತೆ ಇಡುವ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗೋಡೆಯ ತುಂಬ ಗಾಜು ಹಾಕಿದ ಚಪ್ಪಟೆ ಪೆಟ್ಟಿಗೆಗಳು, ಅವುಗಳಲ್ಲಿ ಸೂಜಿ ಚುಚ್ಚಿ ನಿಲ್ಲಿಸಿದ ಚಿಟ್ಟೆ, ಮಿಡತೆ, ಕಣಜ, ದುಂಬಿ. ಒಂದೊಂದರ ಕೆಳಗೂ ಒಂದು ಚೀಟಿ. ಒಂದು ಪೆಟ್ಟಿಗೆಯಲ್ಲಿ ಸಾಲುಸಾಲು ಸೂಜಿಗಳಿದ್ದವು, ಸಾಲುಸಾಲು ಚೀಟಿಗಳಿದ್ದವು, ಹುಳ ಇರಲಿಲ್ಲ. ಸೂಜಿಗಳ ಬುಡದಲ್ಲಿ ಒಂದಿಷ್ಟು ಪುಡಿ.

"ಬಾಗಲ ಮುಚ್ಚಿದ್ದಾಗ ಗೆದ್ದಲ ತಿಂದ್ವು," ಎಂದರು ಮಾಸ್ತರು. "ಹೆಸರು ಬಿಟ್ಟಾವು. ಬಿಸಾಡಾಕ ಮನಸ ಬರಲಿಲ್ಲ."

ತಂಗಿ ಆ ಖಾಲಿ ಪೆಟ್ಟಿಗೆಯ ಮುಂದೆ ನಿಂತು ಒಂದೊಂದೇ ಹೆಸರನ್ನು ಓದತೊಡಗಿದಳು, ಇಲ್ಲದವರ ಹಾಜರಿ ಕೂಗುವ ಹಾಗೆ. ನನಗೆ ಅದು ಸೇರಲಿಲ್ಲ. ನಾನು ಗೋಡೆಯಿಂದ ಗೋಡೆಗೆ ನೋಡುತ್ತಿದ್ದೆ, ಅದು ಎಲ್ಲಿದೆ, ಯಾವ ಮೂಲೆಯಲ್ಲಿ ಸುತ್ತಿಕೊಂಡಿದೆ ಎಂದು. ಎಲ್ಲಿಯೂ ಕಾಣದಾಗ ಹೆದರಿಕೆ ಇನ್ನೂ ಹೆಚ್ಚಾಗಿ, ಮುದುಕರ ಹತ್ತಿರ ಹೋಗಿ ಕೇಳಿಯೇ ಬಿಟ್ಟೆ.

"ಅಜ್ಜಾರ, ಹುಳ ಎಲ್ಲಿ ಮುಚ್ಚಿಟ್ಟೀರಿ?"

"ಇವಽ ಅಲ್ಲೇನವ್ವಾ, ಸುತ್ತಾಮುತ್ತ."

"ಇವಲ್ರೀ. ಹುಳ. ಉದ್ದಂದು."

ಮೊದಲು ನಕ್ಕವಳು ನನ್ನ ತಂಗಿ. "ನಮ್ಮಕ್ಕ ಹುಳ ಅಂದ್ರ ಹಾವು ಅಂತ ತಿಳದಾಳ್ರೀ!" ಎಂದು ಅವಳು ಕೂಗಿದಾಗ ಇಡೀ ಸಾಲೆ ನಕ್ಕಿತು. ಅವಳು ಆ ಶಬ್ದವನ್ನು ಬಾಯಿಬಿಟ್ಟು ಅಂದದ್ದನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ನಗು ಆಮೇಲೆ ಕೇಳಿಸಿತು.

"ಸುಮ್ಮನಿರ್ರಿ," ಎಂದು ಮುದುಕರು ಮಕ್ಕಳನ್ನು ಗದರಿಸಿದರು. "ನಮ್ಮವ್ವನೂ ಹಂಗಽ ಅಂತಿದ್ಲು. ನಗೂದೇನೈತಿ?" ಆಮೇಲೆ ನನಗೆ, ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು: "ಇಲ್ಲಿ ಹುಳ ಅಂದ್ರ ಆರು ಕಾಲಿಂದು, ತಾಯಿ. ಆರು ಕಾಲು ಎಣಿಸಿ ನೋಡು, ಅಂಜಿಕಿ ಹೋಗತೈತಿ."

ಒಳ್ಳೆಯ ಮನುಷ್ಯ. ಅವರು ಹೇಳಿದ್ದು ಅಷ್ಟೇ. ಆದರೆ ತಿರುಗಿ ಬರುವಾಗ ಬಸ್ಸು ಗಜೇಂದ್ರಗಡ ಮುಟ್ಟುವ ತನಕ ಮಕ್ಕಳು "ಆರು ಕಾಲು! ಆರು ಕಾಲು!" ಎಂದು ತಾಳ ಹಾಕಿದರು. ತಾಳ ಹಿಡಿದವಳು ನನ್ನ ಪಕ್ಕದಲ್ಲೇ ಕೂತಿದ್ದಳು.

ಅಂದಿನಿಂದ ಅವಳಿಗೆ ಹುಳದ ಹುಚ್ಚು ಹಿಡಿಯಿತು. ಖಾಲಿ ಕಡ್ಡಿಪೆಟ್ಟಿಗೆ ಕೂಡಿಸಿದಳು. ಸಾಲೆಯಿಂದ ಬಂದವಳೇ ಕಟ್ಟಿಗೆ ರಾಶಿ, ಹಿತ್ತಲು, ಒಲೆಯ ಸಂದಿ ಎಲ್ಲ ಕೆದಕುವುದು. ಸಿಕ್ಕದ್ದರ ಕಾಲು ಎಣಿಸುವುದು. "ಅಕ್ಕಾ, ಹುಳ ಸಿಕ್ತು!" ಎಂದು ನನ್ನ ಮುಖದ ಮುಂದೆ ಹಿಡಿಯುವುದು. "ಅಂಜಬ್ಯಾಡ, ಆರು ಅದಾವ." ದಿನಕ್ಕೆ ಹತ್ತು ಸಲ ಆ ಮನೆಯಲ್ಲಿ ಹುಳ ಎಂಬ ಕೂಗು ಎದ್ದು, ಅವ್ವ ಬೆಚ್ಚಿ ಬೆಚ್ಚಿ ಕೊನೆಗೆ ಬೆಚ್ಚುವುದನ್ನೇ ಬಿಟ್ಟಳು.

ಚೀಟಿಗಳ ಆಟವೂ ಶುರುವಾಯಿತು. ಕಾಗದದ ಚೂರಿನ ಮೇಲೆ ಹೆಸರು ಬರೆದು, ಮಗ್ಗದ ಹಾಸು ನೂಲಿಗೆ ಹಚ್ಚುವ ಗಂಜಿಯಿಂದ ಮನೆಯ ಸಾಮಾನುಗಳಿಗೆಲ್ಲ ಅಂಟಿಸಿದಳು. ಕಂಬ. ರಾಟಿ. ಲಾಳಿ. ಅಪ್ಪನಿಗೆ ಖುಷಿಯೋ ಖುಷಿ. ಒಂದು ಮುಂಜಾನೆ ನಾನು ಕೊಡ ಹೊತ್ತು ಬಾವಿಗೆ ಹೋದೆ. ಅಲ್ಲಿದ್ದ ಹೆಂಗಸರು ನನ್ನ ಬೆನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡರು. ಯಾಕೆಂದು ತಿಳಿಯದೆ ನಾನೂ ಅವರ ಜೊತೆ ನಕ್ಕೆ. ಕೊನೆಗೆ ಓದು ಬಲ್ಲ ಒಬ್ಬ ಹೊಸ ಸೊಸೆ ನನ್ನ ಬೆನ್ನಿನಿಂದ ಚೀಟಿ ಕಿತ್ತು ಗಟ್ಟಿಯಾಗಿ ಓದಿದಳು. "ಅಕ್ಕ. ಕಾಲು ಎರಡು. ಓದಲು ಬರುವುದಿಲ್ಲ."

ಅಂದು ಸಂತೆಯ ದಿನ. ಮಧ್ಯಾಹ್ನ ಅಪ್ಪ ನೇಯ್ದ ಸೀರೆ ಕೊಟ್ಟು ಬರಲು ಪೇಟೆಗೆ ಹೋಗಿದ್ದ. ಅವ್ವ ನೂಲು ತೊಳೆಯಲು ಹೋಗಿದ್ದಳು. ನಾನು ಗೋಡೆಗೆ ಮುಖ ಮಾಡಿ ರಾಟಿ ತಿರುವುತ್ತಿದ್ದೆ. ಚೀಟಿಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದೆ. ಅಪ್ಪನಿಗೆ ತೋರಿಸಿ ಅವಳಿಗೆ ಬೈಸಬೇಕೆಂದು. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಅವಳು ಸಾಲೆಯಿಂದ ಬಂದಳು. ನಾನು ಮಾತಾಡಿಸಲಿಲ್ಲ.

ಮಗ್ಗದ ಕುಣಿಯೊಳಗೆ ಒಂದು ಹುಳ ಚಿರ್ ಚಿರ್ ಎಂದು ಕೂಗುತ್ತಿತ್ತು.

"ಅಕ್ಕಾ, ಕುಣ್ಯಾಗ ಐತಿ. ಹಿಡೀಲೇನು?"

ಕೋಲು ಗೋಡೆಗೆ ಒರಗಿತ್ತು. ತಟ್ಟಿ ಇಳಿ ಎನ್ನಬೇಕಿತ್ತು. ಅನ್ನಲಿಲ್ಲ. ಅವಳು ಕಡ್ಡಿಪೆಟ್ಟಿಗೆ ಹಿಡಿದು ಕುಣಿಗೆ ಇಳಿದದ್ದು ಬೆನ್ನ ಹಿಂದೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ಕೂಗು ನಿಂತಿತು. ಅದರೊಂದಿಗೆ ಓಣಿಯ ಮಗ್ಗಗಳ ಸದ್ದೂ ನಿಂತ ಹಾಗೆ ನನಗನಿಸಿತು. ಸಂತೆಯ ದಿನ ಮಗ್ಗಗಳು ಮೊದಲೇ ನಿಂತಿದ್ದವೋ ಏನೋ.

"ಅಕ್ಕಾ," ಎಂದಳು. ಕೂಗಲಿಲ್ಲ. ನೆಲದ ಕೆಳಗಿನಿಂದ ಬಂದ ಸಣ್ಣ ದನಿ. "ಹುಳ ಮುಟ್ಟೇತಿ."

ನಾನು ತಿರುಗಿ ನೋಡಲಿಲ್ಲ.

"ಎಷ್ಟ ಕಾಲ ಅದಾವ, ಎಣಿಸಿದೇನ?" ಎಂದೆ.

ಅವಳು ಕುಣಿಯೊಳಗಿಂದಲೇ ಹೇಳಿದಳು:

"ಕಾಲ ಇಲ್ಲಕ್ಕಾ."

ನಾನು ರಾಟಿ ತಿರುವಿದೆ.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಅವಳು ಹುಡುಗಾಟ ಮಾಡುತ್ತಿದ್ದಾಳೆ, ನನ್ನನ್ನು ಮತ್ತೆ ನಗೆಗೀಡು ಮಾಡಲು ನೋಡುತ್ತಿದ್ದಾಳೆ ಎಂದು ತಿಳಿದೆ ಎಂದು ಬರೆಯಬಹುದು. ಅದು ಖರೆ ಅಲ್ಲ. ಮಾಸ್ತರ ಹತ್ತಿರ ಕಲಿತ ಹುಡುಗಿ, ಹತ್ತು ದಿನದಿಂದ ಹುಳ ಹಿಡಿದೆ, ಹುಳ ಕಡಿಯಿತು ಎನ್ನುತ್ತಿದ್ದವಳು, ಅಂದು ಮುಟ್ಟಿತು ಎಂದಳು. ಹೆದರಿಕೆ ಬಂದಾಗ ಅವಳಿಗೂ ಅವ್ವನ ಮಾತೇ ಬಾಯಿಗೆ ಬಂತು. ಆ ಶಬ್ದ ಕೇಳಿದ ಕೂಡಲೇ ನನಗೆ ಗೊತ್ತಾಗಿತ್ತು. ಅವಳಿಗೂ ಸ್ವಲ್ಪ ತಿಳಿಯಲಿ, ಅನಿಸಿತ್ತು. ಏನು ತಿಳಿಯಲಿ ಎಂದು ಕೇಳಿದರೆ ಇವತ್ತಿಗೂ ಉತ್ತರ ಗೊತ್ತಿಲ್ಲ.

ಅವಳು ಕುಣಿಯಿಂದ ಮೇಲೆ ಬಂದು ಕಂಬಕ್ಕೆ ಒರಗಿ ಕೂತದ್ದು ತಿಳಿಯಿತು. ಇನ್ನೊಮ್ಮೆ "ಅಕ್ಕಾ" ಎಂದಳು. ಓಡಿಹೋಗಿ ನೆರೆಮನೆಯವರನ್ನು ಯಾಕೆ ಕೂಗಲಿಲ್ಲವೋ. ಸಿಟ್ಟು ಇಳಿದರೆ ನಾನೇ ಏಳುತ್ತೇನೆ ಎಂದು ಕಾದಳೇನೋ. ನಾನು ಒಂದು ಕಂಡಿಕೆ ಸುತ್ತಿದೆ, ಬುಟ್ಟಿಗೆ ಹಾಕಿದೆ. ಇನ್ನೊಂದು ಸುತ್ತಿದೆ. ಏಳು ಕಂಡಿಕೆ ಸುತ್ತಿದೆ. ನೂಲು ಒಂದು ಸಲವೂ ಹರಿಯಲಿಲ್ಲ. ಹರಿದಿದ್ದರೆ ಗಂಟು ಹಾಕುವ ನೆಪದಲ್ಲಾದರೂ ಕೈ ನಿಲ್ಲಿಸುತ್ತಿದ್ದೆ.

ಏಳನೆಯದನ್ನು ಹಾಕಿ ತಿರುಗಿದಾಗ ಅವಳು ‘ಕಂಬ’ ಎಂಬ ಚೀಟಿಯ ಕೆಳಗೆ ಕೂತಿದ್ದಳು. ಕಣ್ಣಿನ ರೆಪ್ಪೆಗಳು ಅರ್ಧಕ್ಕೆ ಇಳಿದು ನಿಂತಿದ್ದವು. ಆ ಅರ್ಧ ಕಣ್ಣಿನಿಂದಲೇ ನನ್ನನ್ನು ನೋಡುತ್ತಿದ್ದಳು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ದನಿ ಬರಲಿಲ್ಲ. ಎಡಗಾಲು ಹಿಮ್ಮಡಿಯಿಂದ ಮೇಲೆ ಬಾತಿತ್ತು.

ಆಗ ನಾನು ಕಿರುಚಿದ್ದು ಸಂತೆಯವರೆಗೂ ಕೇಳಿಸಿತಂತೆ.

ಜನ ಕೂಡಿದರು. ಸಂತೆಗೆ ಬಂದಿದ್ದ ಮುಶಿಗೇರಿಯ ನಾಟಿ ವೈದ್ಯನೊಬ್ಬ ಓಡಿ ಬಂದು, ಕಾಲು ನೋಡಿ, "ಇದು ನನ್ನ ಕೈಯಾಗಿನ ಮಾತಲ್ಲ, ಲಗೂ ದವಾಖಾನಿಗೆ ಒಯ್ಯಿರಿ," ಎಂದ. ಕಡಲೆ ಹೇರಿಕೊಂಡು ರೋಣದ ಪೇಟೆಗೆ ಹೊರಟಿದ್ದ ಲಾರಿಯಲ್ಲಿ, ಚೀಲಗಳ ಮೇಲೆ ಅವಳನ್ನು ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲಿತ್ತು.

"ಅಕಿ ನಿನಗ ಹೇಳಲಿಲ್ಲೇನ?" ಎಂದು, ಕಿರುಚಿದ್ದು ಕೇಳಿ ಓಡಿ ಬಂದು ಲಾರಿ ಏರಿದ್ದ ಅವ್ವ ಕೇಳಿದಳು. "ನೀ ಅಲ್ಲೇ ಇದ್ದೆಲ್ಲ. ಏನಂದ್ಲು ನಿನಗ?"

"ಹುಳ ಅಂದ್ಲು," ಎಂದೆ. "ನಾ ಆರು ಕಾಲಿಂದು ಅಂತ ತಿಳದೆ."

ಅವ್ವ ಹಣೆ ಚಚ್ಚಿಕೊಂಡಳು. "ಹಾಳಾಗಿ ಹೋಗಲಿ ಆ ಹುಳದ ಮನಿ! ನನ್ನ ಮಕ್ಕಳ ಮಾತಽ ಕೆಡಿಸಿಬಿಟ್ರಲ್ಲೋ!"

ಅಷ್ಟು ಸಲೀಸಾಗಿ ಎಲ್ಲರೂ ನಂಬಿದರು. ನನ್ನನ್ನು ಬೈದವರಿಲ್ಲ. ಓಣಿಯ ಹೆಂಗಸರು ತಲೆ ಸವರಿದರು. ಹುಡುಗಿ ದಿನಾ ಹುಳ ಹುಳ ಎಂದು ಕೂಗುತ್ತಿದ್ದಳಲ್ಲ, ಇವಳಿಗಾದರೂ ಹ್ಯಾಂಗ ತಿಳೀಬೇಕು, ಎಂದರು. ತೊಡೆಯ ಮೇಲೆ ಮಲಗಿದ್ದವಳಿಗೆ ಆಗ ನನ್ನ ಮಾತು ಕೇಳಿಸಿತ್ತೋ ಇಲ್ಲವೋ.

ಅವಳು ಬದುಕಿದಳು. ದವಾಖಾನೆಯಲ್ಲಿ ಸೂಜಿ ಕೊಟ್ಟರು, ಎರಡು ದಿನ ಉಸಿರು ಹೋಗುವುದು ಬರುವುದು ನಡೆಯಿತು, ಮೂರನೆಯ ದಿನ ಕಣ್ಣು ಪೂರ್ತಿ ತೆರೆದಳು. ಆದರೆ ಪಾದ ಕರ್ರಗಾಗಿ ಕೊಳೆಯಿತು. ಎರಡು ಬೆರಳು ತೆಗೆದರು. ಉಳಿದದ್ದು ಒಳಕ್ಕೆ ಮುದುಡಿಕೊಂಡಿತು. ಸ್ವಲ್ಪ ಮೊದಲು ತಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ಡಾಕ್ಟರು ಅಪ್ಪನಿಗೆ ಹೇಳುವಾಗ ನಾನು ಮನಸ್ಸಿನಲ್ಲೇ ಆ ಏಳು ಕಂಡಿಕೆಗಳನ್ನು ಎಣಿಸುತ್ತಿದ್ದೆ.

ಪೇಟೆಯಲ್ಲಿ ಸುದ್ದಿ ಕೇಳಿ ಆ ಮುದುಕ ಮಾಸ್ತರು ದವಾಖಾನೆಗೆ ನೋಡಲು ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ಟೊಪ್ಪಿಗೆ ಕೈಯಲ್ಲಿ ಹಿಡಿದು ಕೂತರು.

"ನನ್ನ ಬಾಯಿಂದಽ ಆತು," ಎಂದರು. "ಹುಳ ಅಂದ್ರ ಆರು ಕಾಲು ಅಂತ ಈ ಹುಡುಗಿಗೆ ನಾನಽ ಹೇಳಿದ್ದು."

"ನಿಮ್ಮದೇನ ತಪ್ಪಲ್ರಿ, ಗುರುಗಳ," ಎಂದ ಅಪ್ಪ. ದನಿಯಲ್ಲಿ ಕ್ಷಮೆ ಇರಲಿಲ್ಲ.

ನಾನು ತಲೆ ಬಗ್ಗಿಸಿ ನಿಂತಿದ್ದೆ. ತಲೆ ಎತ್ತಿದಾಗ ಹಾಸಿಗೆಯ ಮೇಲಿಂದ ತಂಗಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಆಗ ಮಾತು ಬಂದಿತ್ತು. ಹಿಂದಿನ ಸಂಜೆ ನೀರು ಕೇಳಿ ಕುಡಿದಿದ್ದಳು. ಅವಳೂ ಏನೂ ಹೇಳಲಿಲ್ಲ.

ಪಾದಕ್ಕೆ ಪಟ್ಟಿ ಕಟ್ಟಿಸಲು ಮುಂದೆ ಎಷ್ಟೋ ಸಲ ರೋಣಕ್ಕೆ ಹೋಗುತ್ತಿದ್ದೆವು. ಒಂದು ದಿನ ಅವಳನ್ನೂ ಅವ್ವನನ್ನೂ ದವಾಖಾನೆಯಲ್ಲಿ ಕೂಡಿಸಿ ನಾನು ವಖಾರಿಗೆ ಹೋದೆ. ಖರೆ ಮಾತು ಆ ಮುದುಕರಿಗೆ ಒಬ್ಬರಿಗಾದರೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ‘ಅಜ್ಜಾರ, ಅಕಿ ಮುಟ್ಟೇತಿ ಅಂದಿದ್ಲ್ರಿ. ಕಾಲ ಇಲ್ಲ ಅಂತನೂ ಅಂದಿದ್ಲ್ರಿ.’ ಎರಡೇ ಮಾತು.

ನೋಡಲು ಬಂದವರು ಯಾರೂ ಇರಲಿಲ್ಲ. ಹಾಗಾಗಿ ಕಂದೀಲು ಹಚ್ಚಿರಲಿಲ್ಲ, ಗೋಣಿತಾಟಿನ ಸಂದಿಯಿಂದ ಬಂದ ಬೆಳಕಿನಲ್ಲಿ ತೊಟ್ಟಿಗಳು ಕಪ್ಪಗಿದ್ದವು. ಎರಡನೇ ಕೋಣೆಯ ಬಾಗಿಲ ಮೇಲೆ ಹೊಸ ಸುಣ್ಣದ ಪಟ್ಟಿ. ನೀಲಿ ಅಕ್ಷರಗಳು ಬದಲಾಗಿದ್ದವು. ಅಷ್ಟು ನನಗೂ ತಿಳಿಯಿತು.

"ಕೀಟ ಅಂತ ಬರಸೀನವ್ವಾ," ಎಂದು ಮುದುಕರು ಬೆನ್ನ ಹಿಂದಿನಿಂದ ಹೇಳಿದರು. "ಇನ್ನ ಯಾರಿಗೂ ತಪ್ಪು ತಿಳಿಯೂದು ಬ್ಯಾಡ." ಹೊಸ ಸುಣ್ಣದ ಕೆಳಗೆ ಹಳೆಯ ಅಕ್ಷರ ಇನ್ನೂ ಮಸುಕಾಗಿ ಕಾಣುತ್ತಿತ್ತು. "ಎಷ್ಟ ಬಳದ್ರೂ ಮ್ಯಾಲೆ ಬರತೈತಿ," ಎಂದರು. ಅವರು ಸೊರಗಿದ್ದರು. ಸಾಲೆಯ ಮಕ್ಕಳನ್ನು ಈಗ ಯಾರೂ ಕರೆತರುತ್ತಿಲ್ಲ ಎಂಬುದನ್ನು ಅವರು ಹೇಳಲಿಲ್ಲ, ನಾನೇ ನೋಡಿದೆ: ನೆಲದ ಮೇಲೆ ಧೂಳಿತ್ತು, ಅದರಲ್ಲಿ ಅವರ ಹೆಜ್ಜೆ ಮಾತ್ರ ಇದ್ದವು.

ನಾನು ಕೊನೆಯ ತೊಟ್ಟಿಯ ಪಕ್ಕದಲ್ಲಿ ನಿಂತಿದ್ದೆ. ಕರಿ ಮೀನು ತಳದಿಂದ ಎದ್ದು ಗಾಜಿನವರೆಗೆ ಬಂತು. ನಾನು ಹೇಳಲೆಂದು ಬಾಯಿ ತೆರೆದೆ. ದನಿ ಬರಲಿಲ್ಲ. ಮುಚ್ಚಿದೆ, ಮತ್ತೆ ತೆರೆದೆ. ಗಾಜಿನಲ್ಲಿ ನನ್ನ ಮುಖವೂ ಅದರ ಮುಖವೂ ಒಂದರ ಮೇಲೊಂದು ಬಿದ್ದಿದ್ದವು. ತೆರೆದು ಮುಚ್ಚುತ್ತಿದ್ದ ಬಾಯಿ ಒಂದೇ ಇತ್ತು.

"ಬಾಯಾರಿಕಿ ಆಗೇತೇನು?" ಎಂದು ಮುದುಕರು ಗಡಬಡಿಸಿ ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟರು. ನಾನು ಕುಡಿದು, ತಂಬಿಗೆ ತಿರುಗಿ ಕೊಟ್ಟು, ಬಂದುಬಿಟ್ಟೆ. ಕೆಲವು ವರ್ಷಗಳ ಮೇಲೆ ಅವರು ತೀರಿಹೋದರೆಂದು ಕೇಳಿದೆ. ವಖಾರಿಯಲ್ಲಿ ಮತ್ತೆ ಅರಳೆ ತುಂಬಿದರಂತೆ. ಮೀನನ್ನು ಯಾರು ಒಯ್ದರೋ ಗೊತ್ತಿಲ್ಲ.

ತಂಗಿ ಸಾಲೆಗೆ ಹೋಗಲಿಲ್ಲ. ಅಷ್ಟು ದೂರ ನಡೆಯುವುದು ಆಗುತ್ತಿರಲಿಲ್ಲ. ಅವಳನ್ನು ನನ್ನ ರಾಟಿಯ ಮುಂದೆ ಕೂಡಿಸಿದರು. ಅಪ್ಪ ನನಗೆ ಮಗ್ಗ ಕಲಿಸತೊಡಗಿದ. ಮನೆಯ ಸಾಮಾನುಗಳ ಮೇಲಿದ್ದ ಚೀಟಿಗಳನ್ನು ಅವಳು ಕೀಳಗೊಡಲಿಲ್ಲ. ಅವುಗಳಿಂದಲೇ ನನಗೆ ಓದು ಕಲಿಸಿದಳು. ಕಂಬದ ಕ, ರಾಟಿಯ ರಾ. ನಾನು ತಪ್ಪು ಓದಿದರೆ ನಗುತ್ತಿರಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನನ್ನ ಸೆರಗಿನ ಗಂಟಿನ ಚೀಟಿಯನ್ನು ನಾನೇ ಓದಬಲ್ಲವಳಾದ ದಿನ ಒಲೆಗೆ ಹಾಕಿದೆ. ಅದು ಇನ್ನು ಸುಳ್ಳಾಗಿತ್ತು.

ಅವಳು ಮದುವೆ ಬೇಡವೆಂದಳು. ನನ್ನ ಗಂಡ ಮನೆಯಳಿಯನಾಗಿ ಬಂದದ್ದರಿಂದ ನಾವಿಬ್ಬರೂ ಅದೇ ಪಡಸಾಲೆಯಲ್ಲಿ ಉಳಿದೆವು. ಅವಳು ಸುತ್ತಿದ ಕಂಡಿಕೆ ನನ್ನ ಲಾಳಿಗೆ. ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ನಾನು ಮಗ್ಗಕ್ಕೆ ಕೂಡಲು ಹೋದಾಗ ಅವಳು, "ನಿಲ್ಲು," ಎಂದು ಎದ್ದು, ಕುಂಟುತ್ತ ಬಂದು, ಕೋಲು ತೆಗೆದುಕೊಂಡು ಕುಣಿಯ ಗೋಡೆಗೆ ಮೂರು ಸಲ ತಟ್ಟಿದಳು. ಬಗ್ಗಿ ಒಳಗೆ ನೋಡಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಕೂಡಕ್ಕಾ. ಆರು ಕಾಲಿನವಷ್ಟಽ ಅದಾವ."

ಅಂದಿನಿಂದ ದಿನಾ ಮುಂಜಾನೆ ಇದೇ ಮಾತು. ನನ್ನ ಗಂಡ ಇದನ್ನು ಅಕ್ಕತಂಗಿಯರ ಹಳೆಯ ಚೇಷ್ಟೆ ಎಂದುಕೊಂಡಿದ್ದಾನೆ. "ಎಣಿಸೀಯೇನವಾ ಎಲ್ಲಾ?" ಎಂದು ಅವಳನ್ನು ಕೆಣಕುತ್ತಾನೆ. "ಎಣಿಸೀನಿ, ಮಾವಾ," ಎನ್ನುತ್ತಾಳೆ. ನಾನು ಕಾಲು ಇಳಿಬಿಡುತ್ತೇನೆ. ಕತ್ತಲೆಯೊಳಗೆ ಕಾಲು ಕಾಣದಾಗುತ್ತವೆ. ಮಣ್ಣು ತಣ್ಣಗಿರುತ್ತದೆ. ಅವಳು ದಿನಾ ಆಡುವ ಆ ಮಾತು ಕ್ಷಮೆಯೋ ಬೇರೆ ಏನೋ ಎಂದು ಕೇಳುವ ಧೈರ್ಯ ಇಷ್ಟು ವರ್ಷದಲ್ಲಿ ನನಗೆ ಬಂದಿಲ್ಲ.

ನಾನು ಏನು ಬರೆದರೂ ತಿದ್ದುವವಳು ಅವಳೇ. ಬೀಗರಿಗೆ ಬರೆಯುವ ಪತ್ರವಾದರೂ ಅವಳ ಕಣ್ಣಿನಿಂದ ಹಾದು ಹೋಗಬೇಕು. ಈ ಹಾಳೆಗಳನ್ನು ಇನ್ನೂ ತೋರಿಸಿಲ್ಲ. ಇದರಲ್ಲಿ ಒಂದು ಕಡೆ, ಅವಳು ಕುಣಿಯಿಂದ ಕರೆದ ಕಡೆ, ಇಷ್ಟು ವರ್ಷ ಜನರಿಗೆ ಹೇಳಿದ ರೂಢಿಯಲ್ಲಿ ‘ಹುಳ ಕಡೀತು’ ಎಂದು ಬರೆದುಬಿಟ್ಟಿದ್ದೆ. ಹೊಡೆದು ಹಾಕಿ, ಮೇಲೆ ‘ಮುಟ್ಟೇತಿ’ ಎಂದು ಬರೆದಿದ್ದೇನೆ. ಉಳಿದದ್ದನ್ನು ಓದದಿದ್ದರೂ ಆ ತಿದ್ದುಪಡಿ ಅವಳ ಕಣ್ಣಿಗೆ ಬೀಳುತ್ತದೆ.

ಹಾಳೆಗಳನ್ನು ಅವಳ ರಾಟಿಯ ಕೆಳಗೆ ಇಟ್ಟಿದ್ದೇನೆ. ಅವಳು ನನಗಿಂತ ಮೊದಲು ಏಳುತ್ತಾಳೆ. ನಾಳೆ ಓದಿದ ಮೇಲೆ ಕೋಲು ತಟ್ಟುತ್ತಾಳೋ ಇಲ್ಲವೋ ಗೊತ್ತಿಲ್ಲ. ತಟ್ಟದಿದ್ದರೂ ನಾನು ಕಾಲು ಇಳಿಬಿಡುತ್ತೇನೆ.